ಶಾಸನದಿಂದ ಪಾಠಕ್ಕೆ: ಶಿಕ್ಷಕರ ಇಂಟರ್ನ್‌ಶಿಪ್ ಮತ್ತು ಶ್ರವಣಬೆಳಗೊಳದ ಪರಂಪರೆ

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಂದ ಮೇಲೆ ಬಿ.ಇಡಿ. ಎರಡು ವರ್ಷದ ವ್ಯಾಸಂಗವಾಯಿತು. ಆ ಎರಡು ವರ್ಷದಲ್ಲಿ ಪ್ರಶಿಕ್ಷಣಾರ್ಥಿಗಳು ಒಟ್ಟು 20 ವಾರ ಶಾಲೆಯಲ್ಲೇ ಇದ್ದು ಕೆಲಸ ಕಲಿಯಬೇಕು. ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಇದಕ್ಕೆ ಇಂಟರ್ನ್‌ಶಿಪ್ ಎಂದು ಹೆಸರು. ಈ ವಾರಗಳಲ್ಲಿ ಅವರು ಪಾಠ ಯೋಜನೆ ಬರೆಯುತ್ತಾರೆ, ಕಲಿಕೋಪಕರಣ ತಯಾರಿಸುತ್ತಾರೆ, ಮಾರ್ಗದರ್ಶಿ ಶಿಕ್ಷಕರ ಎದುರು ತರಗತಿ ನಡೆಸುತ್ತಾರೆ. ಚಾರ್ಟ್, ಮಾದರಿ, ಚಿತ್ರಪಟ ಏನು ಮಾಡಿದರೂ ಅದು ಅವರ ಕೈಖರ್ಚಿನಲ್ಲೇ ಆಗಬೇಕು.

ಇವರಲ್ಲಿ ಹಲವರು ಸ್ಥಳೀಯ ಪರಂಪರೆಯ ವಿಷಯ ಆರಿಸಿಕೊಂಡು ನಮ್ಮ ಬಸದಿಗಳಿಗೆ, ಮಠಗಳಿಗೆ, ನಮ್ಮಂಥ ಸ್ವಯಂಸೇವಕರ ಬಳಿಗೆ ಬರುತ್ತಾರೆ. ಬಹುಪಾಲು ಕಡೆ ಅವರ ಕೈಗೆ ಸಿಗುವುದು ಒಂದು ದಪ್ಪ ಸ್ಮರಣ ಸಂಚಿಕೆ, ಒಂದು ಕ್ಯಾಲೆಂಡರ್, ಗೊಮ್ಮಟನ ಒಂದು ಬಣ್ಣದ ಚಿತ್ರ. ಕೊಟ್ಟವರ ಭಕ್ತಿಯಲ್ಲಿ ಕೊರತೆಯಿಲ್ಲ. ಆದರೆ 40 ನಿಮಿಷದ ಒಂದು ಪಿರಿಯಡ್‌ನಲ್ಲಿ 45 ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಬೇಕಾದವರಿಗೆ ಸ್ಮರಣ ಸಂಚಿಕೆಯಿಂದ ಆಗುವ ಉಪಯೋಗ ಕಡಿಮೆ. ಅವರಿಗೆ ಬೇಕಾದದ್ದು ಚಿಕ್ಕದು, ಖಚಿತವಾದದ್ದು, ಪಠ್ಯಪುಸ್ತಕದ ಯಾವ ಪಾಠಕ್ಕೆ ಹೊಂದುತ್ತದೆ ಎಂದು ನೋಡಿದ ಕೂಡಲೇ ಗೊತ್ತಾಗುವಂಥದ್ದು. ಅಂಥ ಸಾಮಗ್ರಿಯನ್ನು ಹೇಗೆ ತಯಾರಿಸಬಹುದು, ಎಲ್ಲೆಲ್ಲಿ ಎಚ್ಚರ ಬೇಕು ಎಂಬುದನ್ನು ಶ್ರವಣಬೆಳಗೊಳದ ಉದಾಹರಣೆಗಳೊಂದಿಗೆ ಇಲ್ಲಿ ಕೊಟ್ಟಿದೆ. ಪ್ರಶಿಕ್ಷಣಾರ್ಥಿಗಳಿಗೂ, ಅವರಿಗೆ ನೆರವಾಗುವ ಸಮಾಜ ಬಾಂಧವರಿಗೂ ಇದು ಕೆಲಸಕ್ಕೆ ಬರಬಹುದು.

ಬೆಳಗೊಳವನ್ನೇ ಆರಿಸಿದ್ದೇಕೆ

ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಈ ಒಂದೇ ಊರಿನಲ್ಲಿ ನೂರಾರು ಶಾಸನಗಳಿವೆ. ಬಿ.ಎಲ್. ರೈಸ್ ಅವರು 1889ರಲ್ಲಿ ಬೆಳಗೊಳದ ಶಾಸನಗಳ ಸಂಪುಟ ಪ್ರಕಟಿಸಿದಾಗ ಅದರಲ್ಲಿದ್ದದ್ದು 144 ಶಾಸನ. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಸಂಖ್ಯೆ 500 ಆಯಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಹೊರತಂದ ಆವೃತ್ತಿಯಲ್ಲಿ 573. ಎಪಿಗ್ರಾಫಿಯಾ ಕರ್ನಾಟಿಕದ ಎರಡನೇ ಸಂಪುಟ ಎಂದರೆ ಇದೇ. ಗಂಗರು, ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರದ ಅರಸರು, ಮೈಸೂರು ಒಡೆಯರು ಎಲ್ಲರೂ ಈ ಎರಡು ಬೆಟ್ಟಗಳ ಕಲ್ಲಿನಲ್ಲಿ ಒಂದಲ್ಲ ಒಂದು ರೀತಿ ಕಾಣಿಸಿಕೊಳ್ಳುತ್ತಾರೆ. ಈ ಮನೆತನಗಳ ಪಾಠ ಯಾವ ಕನ್ನಡ ಶಾಲೆಯ ಮಗುವಿಗೂ ತಪ್ಪಿದ್ದಲ್ಲ. ಹಾಗಾಗಿ ಪಠ್ಯಕ್ಕೆ ಹೊಸದಾಗಿ ಏನನ್ನೂ ತುರುಕಬೇಕಾಗಿಲ್ಲ. ಇರುವ ಪಾಠದ ಪಕ್ಕಕ್ಕೆ ಒಂದು ಕಲ್ಲನ್ನು ತಂದಿಟ್ಟರೆ ಸಾಕು.

ಒಂದು ಪಾಠಕ್ಕೆ ಒಂದೇ ಕಲ್ಲು. ಪ್ರಶಿಕ್ಷಣಾರ್ಥಿಗಳು ಉತ್ಸಾಹದಲ್ಲಿ ಚಂದ್ರಗುಪ್ತನಿಂದ ಹಿಡಿದು 2018ರ ಮಹಾಮಸ್ತಕಾಭಿಷೇಕದವರೆಗೆ ಎಲ್ಲವನ್ನೂ ಒಂದೇ ಚಾರ್ಟಿನಲ್ಲಿ ಬರೆಯಲು ಹೋಗುತ್ತಾರೆ. ಚಾರ್ಟು ತುಂಬುತ್ತದೆ, ಮಕ್ಕಳ ತಲೆಗೆ ಏನೂ ಹೋಗುವುದಿಲ್ಲ. ಅಂಗಡಿಯಲ್ಲಿ ಕೂತವರಿಗೆ ಇದು ಗೊತ್ತಿರುವ ಮಾತು. ಇಡೀ ಗೋಡೌನ್ ತಂದು ಗಿರಾಕಿಯ ಮುಂದೆ ಸುರಿದರೆ ಆತ ಏನನ್ನೂ ಕೊಳ್ಳದೆ ಎದ್ದು ಹೋಗುತ್ತಾನೆ.

1368ರ ಬುಕ್ಕರಾಯನ ಶಾಸನ: ಒಂದು ಮಾದರಿ ಪಾಠ

ಊರೊಳಗಿನ ಭಂಡಾರಿ ಬಸದಿಯ ಆವರಣದಲ್ಲಿ ವಿಜಯನಗರದ ಒಂದನೇ ಬುಕ್ಕರಾಯನ ಶಾಸನವಿದೆ. ಶಕವರ್ಷ 1290. ಅದಕ್ಕೆ 78 ಕೂಡಿಸಿದರೆ ಕ್ರಿ.ಶ. 1368. ಈ ಕೂಡಿಸುವ ಲೆಕ್ಕವನ್ನೇ ಮೊದಲು ಮಕ್ಕಳ ಕೈಯಲ್ಲಿ ಮಾಡಿಸಬೇಕು. ಶಾಸನದಲ್ಲಿ ಬರೆದ ವರ್ಷ ಮತ್ತು ಪುಸ್ತಕದಲ್ಲಿ ಬರೆದ ವರ್ಷ ಬೇರೆ ಬೇರೆ ಏಕೆ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಶಾಸನದ ವಿಷಯ ಹೀಗಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಯ ಮುಂತಾದ ಕಡೆಯ ಜೈನರು ತಮಗೆ ಅನ್ಯಾಯವಾಗುತ್ತಿದೆ ಎಂದು ಬುಕ್ಕರಾಯನಲ್ಲಿ ಬಿನ್ನಹ ಮಾಡಿಕೊಂಡರು. ಅರಸ ಎರಡೂ ಕಡೆಯವರನ್ನು ಕರೆಸಿದ. ತಿರುಮಲೆ, ಶ್ರೀರಂಗ, ಕಂಚಿ, ಮೇಲುಕೋಟೆ ಮೊದಲಾದ ಕಡೆಗಳ ಆಚಾರ್ಯರ ಸಮ್ಮುಖದಲ್ಲಿ ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ತೀರ್ಪು ಕೊಟ್ಟ. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಹಿಂದಿನಂತೆ ಸಲ್ಲಬೇಕು, ಜೈನ ದರ್ಶನಕ್ಕೆ ಆದ ಹಾನಿಯನ್ನೂ ವೃದ್ಧಿಯನ್ನೂ ವೈಷ್ಣವರು ತಮ್ಮದೇ ಎಂದು ಭಾವಿಸಬೇಕು ಎಂದು ನಿರ್ಣಯವಾಯಿತು.

ಮುಂದಿನ ಭಾಗ ವ್ಯವಹಾರದ್ದು. ರಾಜ್ಯದ ಜೈನರು ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಅದನ್ನು ಸಂಗ್ರಹಿಸುವವರು ತಿರುಮಲೆಯ ತಾತಯ್ಯ. ಆ ಹಣದಲ್ಲಿ ಬೆಳಗೊಳದ ದೇವರ ರಕ್ಷಣೆಗೆ 20 ಮಂದಿ ಕಾವಲಿನವರನ್ನು ನೇಮಿಸಬೇಕು, ಮಿಕ್ಕದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ತರುವಾಯ ಕಲ್ಯದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಎಂಬಾತ ಅರಸನಲ್ಲಿ ಬಿನ್ನವಿಸಿ, ತಾತಯ್ಯನನ್ನು ಕರೆಸಿ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದ. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಇದೇ ವಿಷಯದ ಇನ್ನೊಂದು ಶಾಸನ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ.

ಒಬ್ಬ ಸೆಟ್ಟಿ, ಅಂದರೆ ವರ್ತಕ, ಕಚೇರಿ ಅಲೆದು ಕಾಗದಪತ್ರ ಭದ್ರ ಮಾಡಿಸಿದ ಕಥೆ ಇದು. ನನ್ನಂಥ ವ್ಯಾಪಾರಿಗೆ ಇದರಲ್ಲಿ ಒಂದಿಷ್ಟು ಹೆಮ್ಮೆ ಇದ್ದರೆ ಓದುಗರು ಮನ್ನಿಸಬೇಕು.

ಈಗ ಇದನ್ನು ಪಾಠ ಮಾಡುವ ಬಗೆ. ಒಂದು ಎ4 ಹಾಳೆ ಸಾಕು. ಮೇಲ್ಭಾಗದಲ್ಲಿ ಶಾಸನದ ಫೋಟೋ, ಕೆಳಗೆ ಮೇಲೆ ಹೇಳಿದ ವಿಷಯ ಹತ್ತು ಹನ್ನೆರಡು ಸಾಲಿನಲ್ಲಿ, ಹಿಂಬದಿಯಲ್ಲಿ ಪ್ರಶ್ನೆಗಳು. ದೂರು ಕೊಟ್ಟವರು ಯಾರು, ಯಾರ ಮೇಲೆ? ಅರಸ ಬರೀ ಬಾಯಲ್ಲಿ ತೀರ್ಪು ಹೇಳದೆ ಕೈಯಲ್ಲಿ ಕೈ ಇಟ್ಟದ್ದು ಏಕೆ? ತೀರ್ಪನ್ನು ಕಲ್ಲಿನಲ್ಲಿ ಕೆತ್ತಿಸಿದ್ದು ಏಕೆ? ಜೈನರ ಹಣವನ್ನು ವೈಷ್ಣವರಾದ ತಾತಯ್ಯ ಏಕೆ ಸಂಗ್ರಹಿಸಬೇಕು?

ಈ ಕೊನೆಯ ಪ್ರಶ್ನೆ ಬಹಳ ಕೆಲಸ ಮಾಡುತ್ತದೆ. ಜಗಳವಾಡಿದ ಎರಡು ಕಡೆಯಲ್ಲಿ ಒಂದು ಕಡೆಯವರ ದುಡ್ಡು, ಇನ್ನೊಂದು ಕಡೆಯವರ ಕೈಯಲ್ಲಿ ಜವಾಬ್ದಾರಿ. ರಕ್ಷಣೆಯ ಹೊಣೆಯನ್ನು ಅವರ ತಲೆಯ ಮೇಲೇ ಹಾಕಿದಂತಾಯಿತು. ಪಾಲುದಾರರ ಜಗಳ ಬಿಡಿಸಿದ ಅನುಭವ ಇದ್ದವರಿಗೆ ಇದರ ಜಾಣ್ಮೆ ಕೂಡಲೇ ಹೊಳೆಯುತ್ತದೆ. ಆದರೆ ಒಂಬತ್ತನೇ ತರಗತಿಯ ಚುರುಕಾದ ಮಗುವೊಂದು ಎದ್ದು ನಿಂತು, "ಅನ್ಯಾಯ ಆಗಿದ್ದು ಜೈನರಿಗೆ, ದುಡ್ಡು ಕೊಟ್ಟವರೂ ಜೈನರೇ, ಇದು ಸಮಾನ ತೀರ್ಪು ಹೇಗಾಯ್ತು ಮಿಸ್?" ಎಂದು ಕೇಳಬಹುದು. ಕೇಳಲಿ. ಆ ಪ್ರಶ್ನೆಯನ್ನು ತಡೆಯಬಾರದು, ಅದಕ್ಕೆ ಸಿದ್ಧ ಉತ್ತರವನ್ನೂ ಕಾರ್ಡಿನಲ್ಲಿ ಅಚ್ಚು ಹಾಕಬಾರದು. ಶಾಸನವನ್ನು ಕೇವಲ ಸೌಹಾರ್ದದ ಘೋಷಣೆಯಾಗಿ ಬಾಯಿಪಾಠ ಮಾಡಿಸಿದರೆ ಮಗು ಅದನ್ನು ಪರೀಕ್ಷೆಯ ಮರುದಿನ ಮರೆಯುತ್ತದೆ.

ಲೆಕ್ಕದ ಮೇಷ್ಟ್ರಿಗೂ ಇಲ್ಲಿ ಪಾಲಿದೆ. ಒಂದು ಊರಿನಲ್ಲಿ 60 ಮನೆ ಎಂದಿಟ್ಟುಕೊಳ್ಳಿ, ವರ್ಷಕ್ಕೆ ಎಷ್ಟು ಹಣ ಬಂತು? 20 ಕಾವಲಿನವರಿಗೆ ಸಂಬಳ ಕೊಟ್ಟು ಎಷ್ಟು ಮಿಕ್ಕಿತು? ಇಲ್ಲಿ ಮಕ್ಕಳು ತಡವರಿಸುತ್ತಾರೆ. ಸಂಬಳ ಎಷ್ಟೆಂದು ಗೊತ್ತಿರಬೇಕಲ್ಲ, ಅದು ತೀರ್ಪಿನಲ್ಲಿ ಹೇಳಿದ ಮಾತುಗಳಲ್ಲಿ ಇಲ್ಲ. ದಾಖಲೆ ಎಲ್ಲವನ್ನೂ ಹೇಳುವುದಿಲ್ಲ ಎಂಬುದು ಇತಿಹಾಸದ ವಿದ್ಯಾರ್ಥಿ ಮೊದಲು ಕಲಿಯಬೇಕಾದ ಪಾಠ. ಅದನ್ನು ಉಪನ್ಯಾಸದಿಂದ ಕಲಿಸುವುದಕ್ಕಿಂತ ಈ ಲೆಕ್ಕದಿಂದ ಕಲಿಸುವುದು ಸುಲಭ.

ಕನ್ನಡ ಪಿರಿಯಡ್‌ನಲ್ಲಿ "ಸಮಯ" ಎಂಬ ಒಂದು ಪದ ತೆಗೆದುಕೊಂಡರೂ ಸಾಕು. ಇಂದು ನಮಗೆ ಸಮಯ ಎಂದರೆ ಗಡಿಯಾರ. ಹಳೆಯ ಶಾಸನಗಳಲ್ಲಿ ಸಮಯ ಎಂದರೆ ಮತ, ಪಂಥ.

ಒಂದು ಎಚ್ಚರಿಕೆ. ಇದನ್ನು ನಾಟಕ ಮಾಡಿಸುವುದು ಚೆನ್ನ, ಮಕ್ಕಳಿಗೆ ಖುಷಿ. ಆದರೆ ಪಾತ್ರ ಹಂಚುವಾಗ ಜೈನ ಮಕ್ಕಳಿಗೆ ಜೈನರ ಪಾತ್ರ, ಅಯ್ಯಂಗಾರರ ಮನೆಯ ಮಗುವಿಗೆ ವೈಷ್ಣವರ ಪಾತ್ರ ಎಂದು ಮಾಡಬಾರದು. ಚೀಟಿ ಎತ್ತಿಸಬೇಕು. 650 ವರ್ಷದ ಹಿಂದೆ ಬಗೆಹರಿದ ಜಗಳವನ್ನು ಎಂಟನೇ ತರಗತಿಯ ಬೆಂಚುಗಳ ನಡುವೆ ಮತ್ತೆ ಎಬ್ಬಿಸುವುದು ಯಾರಿಗೂ ಬೇಡ.

ಬೇರೆ ಕೆಲವು ಕಲ್ಲುಗಳು

ದೊಡ್ಡಬೆಟ್ಟದ ಮೇಲೆ ಗೊಮ್ಮಟನ ಪಾದದ ಬಳಿ, ಮೂರ್ತಿಯನ್ನು ಚಾವುಂಡರಾಯ ಮಾಡಿಸಿದ ಎಂಬ ಮಾತು ಕನ್ನಡದಲ್ಲಿದೆ, ತಮಿಳಿನಲ್ಲಿದೆ, ಮರಾಠಿಯಲ್ಲೂ ಇದೆ. ತಮಿಳಿಗೆ ಗ್ರಂಥ ಮತ್ತು ವಟ್ಟೆಳುತ್ತು ಲಿಪಿ, ಮರಾಠಿಗೆ ನಾಗರಿ. ಅಲ್ಲಿನ ಮರಾಠಿ ಸಾಲನ್ನು ಆ ಭಾಷೆಯ ಅತಿ ಹಳೆಯ ಬರಹಗಳ ಪೈಕಿ ಎಣಿಸುತ್ತಾರೆ. ಸುತ್ತಾಲಯವನ್ನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಕಟ್ಟಿಸಿದ ಸಂಗತಿಯೂ ಅಲ್ಲೇ ಇದೆ. ಮೂರ್ತಿ ಸುಮಾರು 981ರದ್ದು, ಗಂಗರಾಜ ಹನ್ನೆರಡನೇ ಶತಮಾನದವನು. ಒಂದೇ ಜಾಗ, ಎರಡು ಕಾಲ. ಬೆಳಗೊಳದಲ್ಲಿ ಉತ್ತರದಿಂದ ಬಂದ ಯಾತ್ರಿಕರು ನಾಗರಿಯಲ್ಲೂ, ಮಹಾಜನಿ ಲಿಪಿಯಲ್ಲೂ ಕೆತ್ತಿಸಿದ ಬರಹಗಳಿವೆ. ಮಹಾಜನಿ ಎಂದರೆ ಮಾರವಾಡಿ ವರ್ತಕರು ಖಾತೆ ಪುಸ್ತಕ ಬರೆಯುತ್ತಿದ್ದ ಲಿಪಿ. ಗಡಿ ಭಾಗದ ಶಾಲೆಗಳಲ್ಲಿ, ಮನೆಯಲ್ಲಿ ಬೇರೆ ಬೇರೆ ಮಾತಾಡುವ ಮಕ್ಕಳಿರುವ ತರಗತಿಯಲ್ಲಿ ಈ ಪಾಠಕ್ಕೆ ಬರುವ ಕಳೆಯೇ ಬೇರೆ.

ಗೊಮ್ಮಟನ ಎತ್ತರ ಕೆಲವು ಪುಸ್ತಕದಲ್ಲಿ 57 ಅಡಿ, ಕೆಲವದರಲ್ಲಿ 58. ಎರಡನ್ನೂ ಹೇಳಿ. 57 ಅಡಿ ಎಂದರೆ 17.37 ಮೀಟರ್, 58 ಎಂದರೆ 17.68. ಶಾಲೆಯ ಮೈದಾನದಲ್ಲಿ 58 ಅಡಿ ಹಗ್ಗ ಎಳೆದು, ನಾಲ್ಕೂವರೆ ಅಡಿ ಎತ್ತರದ ಮಕ್ಕಳನ್ನು ಅದರ ಪಕ್ಕ ಸಾಲಾಗಿ ಮಲಗಿಸಿದರೆ 13 ಮಕ್ಕಳು ಬೇಕಾಗುತ್ತಾರೆ. ಬೆಟ್ಟ ಹತ್ತಿ ನೋಡಿದ ಮಗುವಿಗೂ ಆ ಎತ್ತರ ಆಗ ಇನ್ನೊಂದು ರೀತಿಯಲ್ಲಿ ತಿಳಿಯುತ್ತದೆ. ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ ಎನ್ನುತ್ತೇವೆ. ಈಚಿನವು 1981, 1993, 2006 ಮತ್ತು 2018ರಲ್ಲಿ ನಡೆದವು. ನಡುವಿನ ಅಂತರ ಲೆಕ್ಕ ಹಾಕಿ ಎಂದರೆ ಒಂದು ಕಡೆ 13 ಬರುತ್ತದೆ. 1993ರದ್ದು ಡಿಸೆಂಬರಿನಲ್ಲಿ, 2006ರದ್ದು ಫೆಬ್ರುವರಿಯಲ್ಲಿ ನಡೆಯಿತು ಎಂದು ಹೇಳಿದ ಮೇಲೆ ಮಕ್ಕಳೇ ಕಾರಣ ಹುಡುಕುತ್ತಾರೆ.

ಚಿಕ್ಕಬೆಟ್ಟದಲ್ಲಿ ರಾಷ್ಟ್ರಕೂಟರ ನಾಲ್ಕನೇ ಇಂದ್ರನ ಶಾಸನವಿದೆ. 982ರಲ್ಲಿ ಆತ ಇಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ. ಆ ಶಾಸನ ಅವನ ಚೆಂಡಾಟದ ಕೌಶಲವನ್ನು ವಿಸ್ತಾರವಾಗಿ ಹೊಗಳುತ್ತದೆ. ಅರಸನಿಗೆ ಕ್ರೀಡೆಯಲ್ಲಿ ಹೆಸರಿತ್ತು ಎಂದು ತಿಳಿದರೆ ಹಿಂದಿನ ಬೆಂಚಿನ ಹುಡುಗರೂ ಕಿವಿ ನೆಟ್ಟಗೆ ಮಾಡುತ್ತಾರೆ. ಸಲ್ಲೇಖನದ ವಿಷಯವನ್ನು ಚಿಕ್ಕ ಮಕ್ಕಳ ಮುಂದೆ ವಿವರಿಸುವುದು ಬೇಡ ಎಂದು ನನ್ನ ಅಭಿಪ್ರಾಯ. ಪ್ರೌಢಶಾಲೆಯಲ್ಲಿ ಕೇಳಿದರೆ, ಅಂದಿನ ಜೈನರು ಒಪ್ಪಿದ್ದ ವ್ರತ ಎಂದು ಗೌರವದಿಂದ, ಚಿಕ್ಕದಾಗಿ ಹೇಳಿದರೆ ಸಾಕು.

ಹೆಣ್ಣುಮಕ್ಕಳಿಗೆ ಅಕ್ಕನ ಬಸದಿಯನ್ನು ತೋರಿಸಬೇಕು. 1181ರಲ್ಲಿ ಅದನ್ನು ಕಟ್ಟಿಸಿದವಳು ಆಚಿಯಕ್ಕ. ಅವಳ ಗಂಡ ಚಂದ್ರಮೌಳಿ, ಎರಡನೇ ವೀರಬಲ್ಲಾಳನ ಮಂತ್ರಿ, ಶಿವಭಕ್ತ. ಹೆಂಡತಿ ಜಿನಭಕ್ತೆ. ಒಂದೇ ಮನೆಯಲ್ಲಿ ಎರಡು ಶ್ರದ್ಧೆ ಇದ್ದ ಈ ಸಂಗತಿಯನ್ನು ಮಕ್ಕಳು ಯಾವ ವಿವರಣೆಯೂ ಇಲ್ಲದೆ ಅರ್ಥ ಮಾಡಿಕೊಳ್ಳುತ್ತಾರೆ. ಚಿಕ್ಕಬೆಟ್ಟದ ಸವತಿಗಂಧವಾರಣ ಬಸದಿಯನ್ನು 1123ರಲ್ಲಿ ಕಟ್ಟಿಸಿದ್ದು ರಾಣಿ ಶಾಂತಲೆ.

ಕಲ್ಲಷ್ಟೇ ಅಲ್ಲ, ಲೆಕ್ಕವೂ

ಪರಂಪರೆ ಎಂದ ಕೂಡಲೇ ಸಮಾಜ ವಿಜ್ಞಾನದ ಶಿಕ್ಷಕರನ್ನು ಮಾತ್ರ ನೆನೆಯುವುದು ರೂಢಿಯಾಗಿದೆ. ಗಣಿತದ ಪ್ರಶಿಕ್ಷಣಾರ್ಥಿಗಳಿಗೆ ನಮ್ಮಲ್ಲಿ ದೊಡ್ಡ ಭಂಡಾರವೇ ಇದೆ. ಬೆಳಗೊಳದಿಂದ ಈಚೆ ಬಂದು ರಾಷ್ಟ್ರಕೂಟರ ಕಾಲವನ್ನು ನೋಡಿದರೆ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಹೊಂಬುಜದಿಂದ ಕನ್ನಡ ಅನುವಾದವಿರುವ ಆವೃತ್ತಿಯೂ ಬಂದಿದೆ.

ಅದರಲ್ಲಿ ಹಾರದಂತೆ ಕಾಣುವ ಗುಣಲಬ್ಧಗಳಿವೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. 27994681ನ್ನು 441ರಿಂದ ಗುಣಿಸಿದರೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಕ್ಯಾಲ್ಕುಲೇಟರ್ ಕೊಡದೆ ಮಕ್ಕಳ ಕೈಯಲ್ಲಿ ಗುಣಿಸಿ ನೋಡಿಸಬೇಕು. ಕೊನೆಯ ಸಾಲು ಕೂಡಿಸಿದಾಗ ಹಾರ ಮೂಡುವುದನ್ನು ಕಂಡರೆ ಬಾಯಲ್ಲಿ ತಾನಾಗಿ "ಓ" ಬರುತ್ತದೆ. ಲಘುತಮ ಸಾಮಾನ್ಯ ಅಪವರ್ತ್ಯಕ್ಕೆ ಅವರು ನಿರುದ್ಧ ಎಂಬ ಹೆಸರಿಟ್ಟು ಭಿನ್ನರಾಶಿಗಳಲ್ಲಿ ಬಳಸಿದ್ದಾರೆ. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದಿದ್ದಾರೆ.

ಅದೇ ಗ್ರಂಥದಲ್ಲಿ, ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದೂ ಇದೆ. ಇಂದಿನ ಗಣಿತ ಇದನ್ನು ಒಪ್ಪುವುದಿಲ್ಲ. ಇದನ್ನು ಮುಚ್ಚಿಡಬೇಕೆಂದು ಕೆಲವರಿಗೆ ಅನ್ನಿಸಬಹುದು. ನನ್ನ ಎಣಿಕೆಯಲ್ಲಿ ಇದನ್ನೂ ಕಾರ್ಡಿನಲ್ಲಿ ಹಾಕಬೇಕು. ಏಕೆ ಒಪ್ಪುವುದಿಲ್ಲ ಎಂದು ಮಕ್ಕಳು ಯೋಚಿಸಿದರೆ ಆಚಾರ್ಯರ ಗೌರವಕ್ಕೆ ಏನೂ ಕುಂದಿಲ್ಲ. 1,100 ವರ್ಷದ ಹಿಂದಿನವರೊಡನೆ ವಾದ ಮಾಡುವ ಅವಕಾಶ ಎಷ್ಟು ಮಕ್ಕಳಿಗೆ ಸಿಗುತ್ತದೆ?

ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯ ಹನ್ನೆರಡನೇ ಶತಮಾನದವನು. ಅವನ ವ್ಯವಹಾರಗಣಿತ, ಕ್ಷೇತ್ರಗಣಿತಗಳ ಹೆಸರನ್ನಾದರೂ ಕನ್ನಡ ಮಾಧ್ಯಮದ ಮಕ್ಕಳು ಕೇಳಿರಬೇಕು.

ಸಿರಿಭೂವಲಯದ ಮಾತನ್ನೂ ಹಲವರು ಎತ್ತುತ್ತಾರೆ. ಅದರ ಕಾಲ, ಓದುವ ಕ್ರಮಗಳ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 16 ವಾರದ ಇಂಟರ್ನ್‌ಶಿಪ್‌ನಲ್ಲಿ ಅದಕ್ಕೆ ಕೈ ಹಾಕುವುದು ಬೇಡ.

ಶ್ರದ್ಧೆ ಮತ್ತು ಪಾಠ

ಇಲ್ಲಿ ಸಮಾಜ ಬಾಂಧವರು ಸ್ವಲ್ಪ ತಾಳ್ಮೆಯಿಂದ ಓದಬೇಕು. ಸಂವಿಧಾನದ 28ನೇ ವಿಧಿಯ ಪ್ರಕಾರ, ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಮಾಡುವಂತಿಲ್ಲ. ಅದೇ ಸಂವಿಧಾನದ 51ಎ ವಿಧಿ ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಕಾಪಾಡುವುದು ಪ್ರತಿ ಪ್ರಜೆಯ ಕರ್ತವ್ಯ ಎನ್ನುತ್ತದೆ. ಪ್ರಶಿಕ್ಷಣಾರ್ಥಿ ಈ ಎರಡರ ನಡುವೆ ನಡೆಯಬೇಕು. ಗೊಮ್ಮಟನನ್ನು ಯಾರು ಕೆತ್ತಿಸಿದರು, ಯಾವ ಕಲ್ಲು, ಯಾವ ಲಿಪಿ ಎಂಬುದು ಪಾಠ. ಗೊಮ್ಮಟನಿಗೆ ಕೈ ಮುಗಿಯಿರಿ ಎಂಬುದು ಪಾಠವಲ್ಲ, ಅದು ಮನೆಯ ಮತ್ತು ಬಸದಿಯ ಮಾತು. ಭರತ ಬಾಹುಬಲಿಯರ ಕಥೆಯನ್ನು ಪಂಪನ ಆದಿಪುರಾಣದ ಕಥೆಯಾಗಿ ಕನ್ನಡ ತರಗತಿಯಲ್ಲಿ ಹೇಳಲು ಯಾವ ಅಡ್ಡಿಯೂ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಭದ್ರಬಾಹು ಮತ್ತು ಚಂದ್ರಗುಪ್ತನ ವಿಷಯ. ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ಬಳಿ, ಬಂಡೆಯ ಮೇಲೆ, ಸುಮಾರು ಕ್ರಿ.ಶ. 600ರ ಶಾಸನವಿದೆ. ಹನ್ನೆರಡು ವರ್ಷದ ಕ್ಷಾಮವನ್ನು ಭದ್ರಬಾಹು ಸ್ವಾಮಿಗಳು ಮುಂದಾಗಿ ಕಂಡು ಹೇಳಿದ್ದು, ಸಂಘ ದಕ್ಷಿಣಕ್ಕೆ ಹೊರಟದ್ದು ಅದರಲ್ಲಿದೆ. ಮೌರ್ಯ ಚಂದ್ರಗುಪ್ತನ ಕಾಲ ಕ್ರಿ.ಪೂ. 300ರ ಸುಮಾರು. ಘಟನೆಗೂ ಶಾಸನಕ್ಕೂ ನಡುವೆ ಸುಮಾರು 900 ವರ್ಷ. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರದಲ್ಲಿ ಇದೇ ಕಥೆಯನ್ನು ಸಣ್ಣ ಸಣ್ಣ ಚೌಕಗಳಲ್ಲಿ ಕೆತ್ತಿದ್ದಾರೆ. ಶಿಲ್ಪಿ ದಾಸೋಜನ ಹೆಸರು ಅದರ ಮೇಲಿದೆ, ಅದು ಹನ್ನೆರಡನೇ ಶತಮಾನದ ಕೆಲಸ. ವಿದ್ವಾಂಸರಲ್ಲಿ ಕೆಲವರು ಈ ಪರಂಪರೆಯನ್ನು ಒಪ್ಪುತ್ತಾರೆ, ಕೆಲವರು ಸಂಶಯಿಸುತ್ತಾರೆ.

ಪ್ರಶಿಕ್ಷಣಾರ್ಥಿ ತನ್ನ ಕಾರ್ಡಿನಲ್ಲಿ "ಜೈನ ಪರಂಪರೆಯ ಪ್ರಕಾರ" ಎಂದು ಬರೆದರೆ ನಮ್ಮವರಲ್ಲಿ ಕೆಲವರಿಗೆ ಬೇಸರ. ಪ್ರಕಾರ ಏಕೆ, ನಿಜ ಎಂದೇ ಬರೆಯಿರಿ ಎಂದು ಒತ್ತಾಯ ಮಾಡುವುದನ್ನು ಕಂಡಿದ್ದೇನೆ. ಹಾಗೆ ಒತ್ತಾಯಿಸಬಾರದು. ದಿನವೂ ಬಸದಿಗೆ ಹೋಗುವ ನಾನು ಆ ಕಥೆಯನ್ನು ನಂಬುತ್ತೇನೆ. ನನ್ನ ನಂಬಿಕೆಗೆ ಏಳನೇ ತರಗತಿಯ ಮಗುವಿನ ಉತ್ತರ ಪತ್ರಿಕೆ ಆಧಾರವಾಗಬೇಕಿಲ್ಲ. ಮಾರ್ಗದರ್ಶಿ ಶಿಕ್ಷಕರು ಒಂದು ತಪ್ಪು ಹೇಳಿಕೆಯನ್ನು ಕಂಡರೆ ಇಡೀ ಕಾರ್ಡನ್ನೇ ಪಕ್ಕಕ್ಕಿಡುತ್ತಾರೆ. ಆಗ ಹೋಗುವುದು ಬುಕ್ಕರಾಯನ ಶಾಸನ, ಆಚಿಯಕ್ಕ, ಮಹಾವೀರಾಚಾರ್ಯರು ಎಲ್ಲರೂ. ಇದು ನಿಜವಾದ ನಷ್ಟ.

ಕಲ್ಲನ್ನು ಮುಟ್ಟದೆ

ಅಕ್ಷರ ಫೋಟೋದಲ್ಲಿ ಕಾಣಲಿ ಎಂದು ಶಾಸನದ ಮೇಲೆ ಸೀಮೆಸುಣ್ಣ ಉಜ್ಜುವುದು, ಎಣ್ಣೆ ಸವರುವುದು, ನೀರು ಸುರಿದು ಬ್ರಷ್ ಹಾಕುವುದು, ಇವು ಇನ್ನೂ ನಡೆಯುತ್ತಿವೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆಯಂತೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಾನೂನಿನ ಮಾತು ಬಿಟ್ಟರೂ, ಸಾವಿರ ವರ್ಷದ ಅಕ್ಷರ ಒಂದು ಪಾಠಕ್ಕಾಗಿ ಸವೆಯಬಾರದು. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆದರೆ ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ಮಂಟಪದ ನೆರಳಿನಲ್ಲಿದ್ದರೆ ಪಕ್ಕದಿಂದ ಟಾರ್ಚ್ ಹಿಡಿದರೆ ಸಾಕು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಆ ಊರಿನ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಫೋಟೋ ತೆಗೆಯುವ ಮೊದಲು ಅಲ್ಲಿನ ಸಿಬ್ಬಂದಿಯನ್ನು ಕೇಳಬೇಕು. ಗರ್ಭಗುಡಿಯೊಳಗೆ ಕ್ಯಾಮೆರಾ ಬೇಡ.

ಪಾಠವನ್ನು ಊಹೆಯಿಂದ ಬರೆಯದೆ ಎಪಿಗ್ರಾಫಿಯಾ ಕರ್ನಾಟಿಕದಿಂದಲೇ ತೆಗೆದುಕೊಳ್ಳಬೇಕು. 1889 ಮತ್ತು 1923ರ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ವಾಟ್ಸಾಪಿನಲ್ಲಿ ಬಂದ ಚಿತ್ರ, ಅದರ ಕೆಳಗಿನ ಬರಹ ಯಾವುದಕ್ಕೂ ಪ್ರಮಾಣವಲ್ಲ. ಕಾರ್ಡಿನ ಮೂಲೆಯಲ್ಲಿ ಶಾಸನದ ಸಂಖ್ಯೆ, ಸಂಪುಟದ ವರ್ಷ, ಫೋಟೋ ತೆಗೆದವರ ಹೆಸರು ಇರಲಿ. ದೆಹಲಿಯ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ 1979ರಿಂದ ಶಿಕ್ಷಕರಿಗೆ ಈ ಬಗೆಯ ತರಬೇತಿ ಕೊಡುತ್ತಿದೆ. ಇಂಟರ್ನ್‌ಶಿಪ್ ಮುಗಿಸಿ ಕೆಲಸಕ್ಕೆ ಸೇರಿದವರು ಅದನ್ನು ವಿಚಾರಿಸಬಹುದು.

ಬೆಳಗೊಳ ದೂರವಿದ್ದರೆ

ಎಲ್ಲರೂ ಹಾಸನಕ್ಕೆ ಬರಬೇಕಾಗಿಲ್ಲ. ಐಹೊಳೆಯ ಮೇಗುತಿ ಬಸದಿಯಲ್ಲಿ ರವಿಕೀರ್ತಿಯ 634ರ ಶಾಸನವಿದೆ, ಇಮ್ಮಡಿ ಪುಲಕೇಶಿಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಆಧಾರವಿಲ್ಲ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯ ಬ್ರಹ್ಮಜಿನಾಲಯ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿದವಳು ಎಂದು ಅವಳು ಪ್ರಸಿದ್ಧಳು. ತಾಳೆಗರಿಯಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಲಿಪಿಕಾರರು, ಎಷ್ಟು ದಿನ ಎಂದು ಮಕ್ಕಳೇ ಅಂದಾಜು ಮಾಡಲಿ. ಬೆಳಗಾವಿ ಕೋಟೆಯ ಕಮಲ ಬಸದಿ, ಹಳೇಬೀಡಿನ ಪಾರ್ಶ್ವನಾಥ ಬಸದಿ, 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1432ರ ಕಾರ್ಕಳ ಗೊಮ್ಮಟ, 1604ರ ವೇಣೂರು ಗೊಮ್ಮಟ, ಯಾವುದು ಹತ್ತಿರವೋ ಅದು. ಬಸದಿಯೇ ಇಲ್ಲದ ಊರಿನ ಹೊಲದ ಬದುವಿನಲ್ಲಿ ಒಂದು ನಿಸಿಧಿಗಲ್ಲೋ ವೀರಗಲ್ಲೋ ಇದ್ದೇ ಇರುತ್ತದೆ. ಮಕ್ಕಳು ದಿನಾ ಅದರ ಪಕ್ಕದಲ್ಲೇ ಶಾಲೆಗೆ ಬರುತ್ತಿರುತ್ತಾರೆ.

ಸ್ವಯಂಸೇವಕರು ಮಾಡಬಹುದಾದ ಕೆಲಸ

ದುಡ್ಡು ಕೊಡುವುದು ಸುಲಭ, ಅದು ಬೇಕೂ ಬೇಕು. ಒಂದು ತರಗತಿಗೆ 45 ಕಾರ್ಡು ಜೆರಾಕ್ಸ್ ಮಾಡಿಸಿ ಲ್ಯಾಮಿನೇಟ್ ಹಾಕಿಸುವುದು ಒಬ್ಬ ವರ್ತಕನಿಗೆ ಹೊರೆಯಲ್ಲ, ಪ್ರಶಿಕ್ಷಣಾರ್ಥಿಗೆ ಹೊರೆ. ಕಾರ್ಡಿನ ಮೇಲೆ ದಾನಿಯ ಫೋಟೋ, ಅಂಗಡಿಯ ಹೆಸರು ಹಾಕಿಸಬೇಡಿ. ಜಾಹೀರಾತು ಕಂಡರೆ ಮುಖ್ಯೋಪಾಧ್ಯಾಯರು ತರಗತಿಗೆ ಬಿಡುವುದಿಲ್ಲ, ಅವರು ಮಾಡುವುದು ಸರಿಯೇ.

ಅದಕ್ಕಿಂತ ಹೆಚ್ಚು ಬೇಕಾದದ್ದು ಜೊತೆಗೆ ಬೆಟ್ಟ ಹತ್ತುವವರು, ಯಾವ ಶಾಸನ ಎಲ್ಲಿದೆ ಎಂದು ತೋರಿಸುವವರು, ಹಳಗನ್ನಡ ಓದಬಲ್ಲ ನಿವೃತ್ತ ಮೇಷ್ಟರ ಪರಿಚಯ ಮಾಡಿಸುವವರು. ಶ್ರವಣಬೆಳಗೊಳದ ಪ್ರಾಕೃತ ಅಧ್ಯಯನ ಮತ್ತು ಸಂಶೋಧನ ಸಂಸ್ಥೆಯಂಥ ಕಡೆ ಕೇಳಿದರೆ ತಿಳಿದವರು ಸಿಗುತ್ತಾರೆ. ಇಂಟರ್ನ್‌ಶಿಪ್ ಶುರುವಾಗಿ ಎಂಟನೇ ವಾರಕ್ಕೆ ಬಂದು ಕೇಳಿದರೆ ಏನೂ ಮಾಡಲು ಆಗುವುದಿಲ್ಲ. ಮೊದಲ ವರ್ಷದ 4 ವಾರದಲ್ಲೇ ಶಾಲೆ ಮತ್ತು ಪಾಠ ನೋಡಿಕೊಂಡು, ರಜೆಯಲ್ಲಿ ಬೆಟ್ಟಕ್ಕೆ ಬಂದು ಫೋಟೋ ತೆಗೆದು, ಎರಡನೇ ವರ್ಷ ತರಗತಿಗೆ ತೆಗೆದುಕೊಂಡು ಹೋದರೆ ಸಲೀಸು. ಮೊದಲ ತರಗತಿಯಲ್ಲಿ ಮಕ್ಕಳು ಎಲ್ಲಿ ತಡವರಿಸಿದರು, ಯಾವ ಪದ ಅರ್ಥವಾಗಲಿಲ್ಲ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು ಎರಡನೇ ಬಾರಿ ಅಚ್ಚು ಹಾಕಿಸಬೇಕು.

16 ವಾರ ಮುಗಿದ ಮೇಲೆ ಈ ಸಾಮಗ್ರಿ ಸಾಮಾನ್ಯವಾಗಿ ಬಿ.ಇಡಿ. ಕಾಲೇಜಿನ ಬೀರುವಿಗೆ ಹೋಗುತ್ತದೆ, ಅಂಕ ಬಂದ ಮೇಲೆ ರದ್ದಿಗೆ. ಒಂದು ಸೆಟ್ ಕಾಲೇಜಿಗೆ ಒಪ್ಪಿಸಿ ಇನ್ನೊಂದನ್ನು ಪಾಠ ಮಾಡಿದ ಶಾಲೆಯಲ್ಲೇ ಬಿಡಬೇಕು. ಮೂರನೆಯದು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಎನ್ನುತ್ತಾರಲ್ಲ, ಅಲ್ಲಿಗೆ. ಮುಂದಿನ ವರ್ಷದ ಪ್ರಶಿಕ್ಷಣಾರ್ಥಿ ಅದೇ ಶಾಲೆಗೆ ಬಂದಾಗ ಬುಕ್ಕರಾಯನ ಕಾರ್ಡು ಸಿದ್ಧವಿದ್ದರೆ, ಆತ ಆಚಿಯಕ್ಕನ ಕಾರ್ಡಿನಿಂದ ಕೆಲಸ ಶುರು ಮಾಡಬಹುದು.